ಗೀರಿಲ್ಲದ ಲೋಟ

"ಗುರುಗಳೇ, ಅಳದವನಿಗೆ ದುಃಖವಿರುತ್ತದೆಯೇ?" ಎಂದು ಶಿಷ್ಯ ಶಾಂತವೀರ ಕೇಳಿದ.

"ಯಾರ ಮಾತು ಹೇಳುತ್ತಿದ್ದೀಯೆ?"

"ನನ್ನ ತಮ್ಮನದು. ಅವ್ವ ತೀರಿಕೊಂಡ ದಿನ ಅವನ ಕಣ್ಣಿನಿಂದ ಒಂದು ಹನಿ ಬೀಳಲಿಲ್ಲ. ಬಂದವರಿಗೆ ಚಾಪೆ ಹಾಸುತ್ತಾ ಓಡಾಡಿಕೊಂಡಿದ್ದ. ಬರುವ ಸೋಮವಾರ ಅವ್ವನ ವರ್ಷದ ಪೂಜೆ. ಅವನ ಪಕ್ಕದಲ್ಲಿ ಕೂರಲು ನನಗೆ ಮನಸ್ಸಿಲ್ಲ. ಬರುವುದಿಲ್ಲವೆಂದು ಹೇಳಿ ಕಳಿಸಿದ್ದೇನೆ."

ಗುರುಗಳು ಈ ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ಗುಜರಿ ಅಂಗಡಿಗಳಲ್ಲಿ ಹಳೆಯ ಗಾಜಿನ ಸಾಮಾನು ಹುಡುಕಿ, ಸಂಗ್ರಹಿಸುವವರಿಗೆ ಮಾರುವುದು ಅವನ ಕಸುಬು. ಗಾಜನ್ನು ಬೆಳಕಿಗೆ ಹಿಡಿದು ಒಳಗಿನ ಗುಳ್ಳೆ ನೋಡುತ್ತಿದ್ದ. ಉಗುರಿನಿಂದ ತಟ್ಟಿ ದನಿ ಕೇಳುತ್ತಿದ್ದ. ಕೊನೆಗೆ ಬೋರಲು ಹಿಡಿದು ತಳ ನೋಡುತ್ತಿದ್ದ. ಬಹಳ ವರ್ಷ ಇಟ್ಟು ಎತ್ತಿದ ಲೋಟದ ತಳದಂಚಿನಲ್ಲಿ ಕೂದಲೆಳೆಯಂಥ ಗೀರುಗಳು ಬಿದ್ದಿರುತ್ತವೆ. ಗೀರು ಕಂಡರೆ ಹಳೆಯದು, ಕಾಣದಿದ್ದರೆ ಹೊಸದು ಎಂಬುದು ಅವನ ನಂಬಿಕೆ.

ಬಳ್ಳಿಯ ಅಚ್ಚಿದ್ದ ಒಂದು ಬಗೆಯ ಹಸಿರು ಲೋಟಕ್ಕಾಗಿ ಅವನು ಎಂಟು ವರ್ಷದಿಂದ ಅಲೆಯುತ್ತಿದ್ದ. ಒಂದೊಂದಾಗಿ ಸಿಕ್ಕಿದ್ದವು, ಆರು ಲೋಟಗಳ ಪೂರ್ತಿ ಸೆಟ್ಟು ಒಟ್ಟಿಗೆ ಸಿಕ್ಕಿರಲಿಲ್ಲ. ಒಂದು ದಿನ, ಮುದುಕಿಯೊಬ್ಬಳು ನಡೆಸುತ್ತಿದ್ದ ಗುಜರಿ ಅಂಗಡಿಯಲ್ಲಿ ಆರೂ ಕಂಡವು.

ಅವನು ಒಂದೊಂದನ್ನೇ ಬೋರಲು ಹಿಡಿದು ನೋಡಿದ. ಐದರ ತಳದಲ್ಲಿ ಗೀರುಗಳಿದ್ದವು. ಆರನೆಯದರ ತಳ ನುಣುಪಾಗಿತ್ತು. ಅದನ್ನು ಬೆರಳ ತುದಿಯಿಂದ ಪಕ್ಕಕ್ಕೆ ಸರಿಸಿದ.

"ಏನಜ್ಜಿ, ನನಗೇ ಟೋಪಿ ಹಾಕೋಕೆ ನೋಡ್ತೀಯಾ? ಐದು ಹಳೇದು. ಇದನ್ನ ನಿನ್ನೆ ಮೊನ್ನೆ ತಂದು ಸೇರಿಸಿದ್ದೀಯ. ಇದು ಬೇಡ, ಐದು ಕೊಡು."

ಮುದುಕಿ ಕೋಪಿಸಿಕೊಳ್ಳಲಿಲ್ಲ. "ಇವು ನಮ್ಮ ಮನೇವೇ ಕಣಪ್ಪ. ಕಿರಿಯವಳು ಹುಟ್ಟಿದ ವರ್ಷ, ಮನೇಲಿ ಆರು ಜನ ಆದ್ವಿ ಅಂತ ಆರು ತಂದ್ವಿ. ಅವಳು ಲೋಟ ಹಿಡಿಯೋದು ಕಲಿಯೋಕೆ ಮುಂಚೇನೇ ಹೋದಳು. ಅದರಲ್ಲಿ ಯಾರೂ ಕುಡೀಲಿಲ್ಲ. ಗೂಡಿನಲ್ಲಿ ಬಟ್ಟೆ ಹಾಸಿ ಇಟ್ಟಿದ್ದೆ, ನಲವತ್ತೆರಡು ವರ್ಷ."

ವರ್ತಕ ಆಗ ಲೋಟಗಳ ಮೈ ನೋಡಿದ. ಆರರಲ್ಲೂ ಬಳ್ಳಿಯ ಮೂರನೆಯ ಎಲೆಯ ತುದಿ ಒಂದೇ ಕಡೆ ಮುರಿದಿತ್ತು. ಆರೂ ಒಂದೇ ಅಚ್ಚಿನಲ್ಲಿ ಆದವು.

"ತಪ್ಪಾಯ್ತಜ್ಜಿ. ಆರೂ ಕೊಡು, ಕೇಳಿದಷ್ಟು ಕೊಡ್ತೀನಿ."

"ನನಗೂ ವಯಸ್ಸಾಯ್ತು. ಆರೂ ಒಂದೇ ಮನೆ ಸೇರಲಿ ಅಂತ ಅಂಗಡಿಗೆ ತಂದಿದ್ದೆ," ಎಂದಳು ಮುದುಕಿ. "ನೀನು ಅವಳದನ್ನೇ ಪಕ್ಕಕ್ಕೆ ತಳ್ಳಿದೆ. ನಿನಗೆ ಕೊಡಲ್ಲ."

ಅವಳು ಆ ಲೋಟವನ್ನು ನಡುವೆ ಇಟ್ಟು, ಉಳಿದ ಐದನ್ನು ಸುತ್ತಲೂ ಜೋಡಿಸಿ, ಆರನ್ನೂ ಬಟ್ಟೆಯಲ್ಲಿ ಕಟ್ಟಿದಳು. ವರ್ತಕ ಬರಿಗೈಯಲ್ಲಿ ಹೊರಟ.

ಕತೆ ಮುಗಿಯಿತು. "ಅವನು ಎಲೆಯನ್ನು ಮೊದಲೇ ನೋಡಬೇಕಿತ್ತು," ಎಂದ ಶಾಂತವೀರ.

ಗುರುಗಳು ಹೇಳಿದರು: "ಸೋಮವಾರ ಊರಿಗೆ ಹೋದಾಗ, ಅವ್ವ ನೀರು ಕುಡಿಯುತ್ತಿದ್ದ ಲೋಟ ಈಗ ಎಲ್ಲಿದೆ ಎಂದು ತಮ್ಮನನ್ನು ಕೇಳು."

ಶಾಂತವೀರ ಎದ್ದು, ಸೋಮವಾರ ಬರುತ್ತೇನೆಂದು ತಮ್ಮನಿಗೆ ಹೇಳಿ ಕಳಿಸಿದ.