ಹನ್ನೆರಡು ಸೀರೆಯ ಕೌದಿ

ಮಲಪ್ರಭಾ ದಂಡೆಯ ಊರೊಂದರಲ್ಲಿ ಫಕ್ಕೀರವ್ವ ಎಂಬ ಹೆಣ್ಣುಮಗಳಿದ್ದಳು. ನವರಾತ್ರಿಗೆ ಘಟ ಕೂರಿಸುವ ಮೊದಲು ಮನೆಯ ಹಾಸಿಗೆ ಹೊದಿಕೆಗಳೆಲ್ಲ ಹೊಳೆ ಕಾಣಲೇಬೇಕು, ಅದು ಆ ಸೀಮೆಯ ಪದ್ಧತಿ. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಇಟ್ಟು ಹೊಲಿದ ಕೌದಿ ಒಣಗಿದ್ದಾಗ ಮಗುವೂ ಎತ್ತೀತು. ನೀರು ಕುಡಿದರೆ ಗಂಡಾಳೂ ಏದುಸಿರು ಬಿಡಬೇಕು. ಅಂಥ ಕೌದಿಯನ್ನು ಫಕ್ಕೀರವ್ವ ಒಬ್ಬಳೇ ನೀರಿನಿಂದೆತ್ತಿ ಒಬ್ಬಳೇ ಹಿಂಡುತ್ತಿದ್ದಳು. ಊರ ಹೆಂಗಸರು ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಅವರು ನೋಡಲಿ ಎಂದೇ ಅವಳು ಹಿಂಡುತ್ತಿದ್ದಳು, ಸುಳ್ಳೇಕೆ ಹೇಳಬೇಕು.

ಹೋದ ವರ್ಷ ನವರಾತ್ರಿಯ ಹಿಂದಿನ ಅಮಾವಾಸ್ಯೆಗೆ ಒಂದೇ ದಿನ ಉಳಿದಾಗ ಹದಿನೆಂಟು ಕೌದಿ ಹೊತ್ತು ಹೊಳೆಗೆ ಇಳಿದಳು. ಕೊನೆಯದು ಅವಳ ತವರಿನ ಕೌದಿ, ಅವ್ವನ ಹನ್ನೆರಡು ಸೀರೆಗಳದ್ದು. ಅದನ್ನು ಬಗ್ಗಿ ಎತ್ತಿ ಪಕ್ಕಕ್ಕೆ ತಿರುಗಿದ್ದೇ ತಡ, ಸೊಂಟ ಹಿಡಿಯಿತು. ಮದುವೆಯಾಗಿ ಬಂದಾಗಿನಿಂದ ಮೂವತ್ತು ವರ್ಷ ಘಟದ ದೀಪಕ್ಕೆ ಎಣ್ಣೆ ಹಾಕಿದವಳು ಅವಳೇ. ಆ ನವರಾತ್ರಿಯ ಒಂಬತ್ತು ದಿನ ಮಾತ್ರ ಮಂಚದ ಮೇಲೆ ಮಲಗಿ, ದೇವರ ಕೋಣೆಯ ಮಂಗಳಾರತಿಯನ್ನು ಕಿವಿಯಲ್ಲಷ್ಟೇ ಕೇಳಿದಳು. ವಿಚಾರಿಸಲು ಬಂದವರಿಗೆಲ್ಲ ಜ್ವರ ಎಂದಳು. ನಿಜ ಗೊತ್ತಿದ್ದುದು ಸೊಸೆ ಗಿರಿಜಾಗೆ ಮಾತ್ರ. ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಟ್ಟವಳು, ಡಾಕ್ಟರು ಹೇಳಿದಂತೆ ದಿನಕ್ಕೆ ನಾಲ್ಕು ಸಲ ಎಬ್ಬಿಸಿ ಅಂಗಳದಲ್ಲಿ ನಡೆಸಿದವಳು ಅವಳೇ.

ಈ ವರ್ಷ ಅಮಾವಾಸ್ಯೆಗೆ ಇನ್ನೂ ವಾರವಿರುವಾಗಲೇ ಗಿರಿಜಾ ದಿನಕ್ಕೆ ಮೂರೇ ಕೌದಿ ಎಂದು ಹಂಚಿಬಿಟ್ಟಳು. ಇದೇನು ಒಗೆಯುವುದೋ ಆಟವೋ ಎಂದು ಫಕ್ಕೀರವ್ವ ಗೊಣಗಿದಳು. ಆದರೂ ಹೋದಳು. ಆರನೆಯ ದಿನ ತವರಿನ ಕೌದಿಯ ಸರದಿ ಬಂತು.

ದಂಡೆಯ ತುಂಬ ಹೆಂಗಸರು. ಫಕ್ಕೀರವ್ವ ಸೆರಗು ಬಿಗಿದು ಬಗ್ಗಿದಳು. ಗಿರಿಜಾ ಅವಳ ಕೈ ಹಿಡಿದಳು.

“ಅತ್ತೀ, ಇದನ್ನ ಕಲ್ಲಿನ ಮ್ಯಾಲ ಎಳದು ಬಿಡೂಣ್ರಿ. ನೀರು ತಾನ ಇಳೀತೈತಿ.”

“ನೋಡಿದವರು ಏನಂದಾರು?”

“ಹ್ವಾದ ವರ್ಷ ಅವರು ಬಂದು ನಮ್ಮ ದೀಪಕ್ಕ ಎಣ್ಣಿ ಹಾಕಿದ್ರೇನ್ರಿ?”

ಮಂಚದ ಮೇಲೆ ಕಳೆದ ಆ ಒಂಬತ್ತು ದಿನಗಳು ಫಕ್ಕೀರವ್ವನಿಗೆ ನೆನಪಾದವು. ಕೌದಿಯನ್ನು ಇಬ್ಬರೂ ಕಲ್ಲಿನ ಮೇಲೆ ಎಳೆದು ಹರವಿದರು. ಪಕ್ಕದಲ್ಲಿ ಕೂತು ರೊಟ್ಟಿ, ಶೇಂಗಾ ಚಟ್ನಿ ತಿಂದು ಮುಗಿಸುವ ತನಕ ಅದರಿಂದ ನೀರು ಇಳಿಯುತ್ತಲೇ ಇತ್ತು. ಆಮೇಲೆ ಮಂಡಿ ಮಡಿಸಿ ಕೂತು, ಆಚೆ ತುದಿ ಒಬ್ಬರು ಈಚೆ ತುದಿ ಒಬ್ಬರು ಹಿಡಿದು ಎದ್ದರು. ಅರ್ಧ ಭಾರವೂ ಇರಲಿಲ್ಲ. ಇಷ್ಟು ವರ್ಷ ಸುಮ್ಮನೆ ಹೊಳೆಯ ನೀರು ಹೊತ್ತೆನಲ್ಲ ಎಂದು ಫಕ್ಕೀರವ್ವನಿಗೆ ನಗು ಬಂತು.

ಪಕ್ಕದ ಕಲ್ಲಿನ ಹತ್ತಿರ ನೆರೆಮನೆಯ ಕಾಶವ್ವ ತನ್ನ ಕೌದಿಯನ್ನು ಒಬ್ಬಳೇ ನೀರಿನಿಂದೆತ್ತುತ್ತಿದ್ದಳು.

“ಫಕ್ಕೀರವ್ವಾ, ಮುದುಕಿ ಆದಿ ನೋಡು. ಕೌದಿ ಎತ್ತಾಕ ಸೊಸಿ ಬೇಕಾತು” ಎಂದಳು.

“ಬೇಕಾತವ್ವಾ. ಅಂಥಾ ಸೊಸಿ ನನಗ ಅದಾಳ.”

ಘಟ ಕೂತಿತು. ಒಂಬತ್ತು ದಿನವೂ ಫಕ್ಕೀರವ್ವ ನೆಲದ ಮೇಲೆ ಕೂತು ದೀಪಕ್ಕೆ ಎಣ್ಣೆ ಹಾಕಿದಳು, ಯಾರ ಕೈಯನ್ನೂ ಹಿಡಿಯದೆ ಎದ್ದಳು. ಹೋಳಿಗೆ ಮಾಡುವಾಗ ನಡುನಡುವೆ ಎದ್ದು ನಾಲ್ಕು ಹೆಜ್ಜೆ ಅಡ್ಡಾಡಿ ಬಂದಳು. ವಿಜಯದಶಮಿಯ ಸಂಜೆ ಊರ ಹೊರಗಿನ ಬನ್ನಿ ಮರದವರೆಗೆ ನಡೆದೇ ಹೋದಳು. ಆ ಹೊತ್ತಿಗೆ ಅವಳಷ್ಟು ಹೆಮ್ಮೆಯ ಹೆಂಗಸು ಆ ಊರಲ್ಲಿ ಇನ್ನೊಬ್ಬಳಿರಲಿಲ್ಲ.

ಹಬ್ಬದ ಬನ್ನಿ ಎಲೆ ಕೊಡಲು ಕಾಶವ್ವನ ಮನೆಗೆ ಹೋದರೆ ಕಾಶವ್ವ ಮಂಚದ ಮೇಲೆ ಮಲಗಿದ್ದಳು.

“ಜ್ವರ ನೋಡವ್ವಾ. ಘಟ ಕೂತ ದಿನದಿಂದ ಬಿಟ್ಟಿಲ್ಲ” ಎಂದು ಗೋಡೆಯ ಕಡೆ ಮುಖ ತಿರುಗಿಸಿದಳು.

ಫಕ್ಕೀರವ್ವ ಅವಳ ಹಣೆ ಮುಟ್ಟಿದಳು. ತಣ್ಣಗಿತ್ತು. ಹೊಳೆಯ ದಂಡೆಯಲ್ಲಿ ಆಡಿದ ಮಾತಿಗೆ ತಿರುಗಿಸಿ ಕೊಡಲು ಇದಕ್ಕಿಂತ ಒಳ್ಳೆಯ ಸಮಯ ಸಿಗದು. ಆದರೆ ಹಬ್ಬದಲ್ಲಿ ಗೋಡೆಗೆ ಮುಖ ಮಾಡಿ ಮಲಗುವ ನೋವು ಅವಳಿಗೆ ಗೊತ್ತಿತ್ತು. ಕಾಶವ್ವನ ಅಂಗೈಯಲ್ಲಿ ಬನ್ನಿ ಎಲೆ ಇಟ್ಟು ಹೇಳಿದಳು:

“ಹ್ವಾದ ವರ್ಷ ನನಗೂ ಇದ ಜ್ವರ ಬಂದಿತ್ತು, ಕಾಶವ್ವಾ. ಉಪ್ಪು ಎಲ್ಲಿಟ್ಟಿ ಹೇಳು, ಶಾಖ ಕೊಡ್ತೀನಿ. ನಾಳೆ ಡಾಕ್ಟರ ಕಡೆ ಹೋಗೂಣು. ಬರೂ ವರ್ಷ ನಿನ್ನ ಕೌದಿ ಆ ಕಡೆ ತುದಿ ನಾ ಹಿಡೀತೀನಿ.”

ನೀತಿ: ಹಬ್ಬದ ಕೆಲಸವನ್ನು ನಾಲ್ಕಾರು ದಿನಕ್ಕೆ ಹಂಚಿಕೊಳ್ಳಿ, ಭಾರವನ್ನು ಇನ್ನೊಬ್ಬರೊಂದಿಗೆ ಹಂಚಿಕೊಳ್ಳಿ. ನೋವು ಬಂದರೆ ಮುಚ್ಚಿಡದೆ ಹೇಳಿ. ಒಬ್ಬರೇ ಎತ್ತಿದೆವು ಎನ್ನುವ ಹೆಮ್ಮೆಗಿಂತ, ಹಬ್ಬದ ದಿನ ಮನೆಯವರ ನಡುವೆ ನೆಟ್ಟಗೆ ನಿಂತೆವು ಎನ್ನುವ ಹೆಮ್ಮೆ ದೊಡ್ಡದು.