ಮುದ್ದಾಜಿಯ ಶಿಳ್ಳೆಗೆ ತಿರುಗಿದ ಹಕ್ಕಿ

ಹಕ್ಕಿಗಳಿಗೆ ಇನ್ನೂ ಯಾರೂ ಹೆಸರಿಡದಿದ್ದ ಕಾಲದಲ್ಲಿ ಮಗಾ, ಎದುರುಬದುರು ಎರಡು ಬೆಟ್ಟ ಇದ್ದವಂತೆ. ಎರಡರಲ್ಲೂ ಮುಷ್ಟಿಯಷ್ಟಿರೋ ಕಂದು ಹಕ್ಕಿಗಳು ಹಾಡುತ್ತಿದ್ದವಂತೆ. ಅಲ್ಲಿಯ ರಾಜನಿಗೆ ಮೂವರು ಹೆಣ್ಣುಮಕ್ಕಳು, ಚೆಲುವಾಜಿ, ದೇವಾಜಿ, ಮುದ್ದಾಜಿ. ಮುದ್ದಾಜಿ ಹುಟ್ಟಿದ ತಿಂಗಳಿಗೇ ತಾಯಿ ಸಿರಿಯಾಜಿ ತೀರಿಕೊಂಡಳಂತೆ. ಆಮೇಲೆ ಆ ಮಗು ಯಾರು ಎತ್ತಿಕೊಂಡರೂ ಅಳು ನಿಲ್ಲಿಸದೆ, ಮೂಡಣ ಬೆಟ್ಟದ ಹಕ್ಕಿ ಕಿಟಕಿ ಹತ್ತಿರ ಬಂದು ಹಾಡಿದರೆ ಮಾತ್ರ ಮಲಗುತ್ತಿತ್ತಂತೆ. ನಿನ್ನ ಹಾಗೇ, ಬರೀ ಹಠ.

ಅವಳು ದೊಡ್ಡವಳಾದ ಮೇಲೆ ರಾಜ, ಮೂಡಣ ಬೆಟ್ಟದ ಕಾಡು ಕಡಿದು ಅರಮನೆ ಕಟ್ಟಿಸ್ತೀನಿ ಅಂದನಂತೆ. ಆ ಹಕ್ಕಿ ಎಲ್ಲಿಗೆ ಹೋಗಬೇಕು ಅಪ್ಪಾಜಿ ಅಂತ ಮುದ್ದಾಜಿ ಅತ್ತಳಂತೆ. ಅದೇ ಹಕ್ಕಿ ಪಡುವಣ ಬೆಟ್ಟದಲ್ಲೂ ಇದೆಯಲ್ಲವ್ವ, ಅವೆರಡೂ ಬೇರೆ ಕುಲ ಅಂತ ತೋರಿಸಿದರೆ ಕೊಡಲಿ ಕೆಳಗಿಡ್ತೀನಿ, ಒಂದು ಕುಲಾನೇ ಅಳಿಸಿದ ಪಾಪ ನನಗೆ ಬೇಡ ಅಂದನಂತೆ ರಾಜ.

ತಂಗಿಯ ಕಣ್ಣೀರು ನೋಡಲಾರದೆ ಚೆಲುವಾಜಿ ಎರಡೂ ಕಡೆಯ ಹಕ್ಕಿ ಹಿಡಿಸಿ, ನೂಲು ಹಿಡಿದು ಕೊಕ್ಕು, ರೆಕ್ಕೆ, ಕಾಲು ಅಳೆದಳಂತೆ. ಎಳ್ಳಷ್ಟೂ ಹೆಚ್ಚುಕಮ್ಮಿ ಇಲ್ಲ. ರಾಜ ಕೊಡಲಿ ಮಸೆಯೋಕೆ ಹೇಳಿದನಂತೆ. ಆಮೇಲೆ ದೇವಾಜಿ ಒಂದರ ಕಾಲಿಗೆ ಗುರುತಿನ ನೂಲು ಕಟ್ಟಿ, ಎರಡನ್ನೂ ಒಂದೇ ಪಂಜರದಲ್ಲಿ ಬಿಟ್ಟಳಂತೆ. ತೆಪ್ಪಗೆ ಕೂತವು, ಜಗಳ ಆಡಲಿಲ್ಲ, ಒಂದೇ ಕುಲ ಅಂದುಬಿಟ್ಟಳಂತೆ. ಪೆದ್ದಿ! ಕೂಡಿ ಹಾಕಿದರೆ ನಾನೂ ನಿಮ್ಮಜ್ಜನ ತಂಗಿಯೂ ಒಂದೇ ಕೊಂಬೆ ಮೇಲೆ ಕೂತಿರ್ತೀವಿ, ಹಾಗಂತ ಇಬ್ಬರೂ ಒಂದೇನಾ?

ಮುದ್ದಾಜಿ ನೂಲು ಬಿಚ್ಚಿ ಹಕ್ಕಿಗಳನ್ನು ಅವುಗಳವುಗಳ ಬೆಟ್ಟಕ್ಕೆ ಬಿಟ್ಟು, ಮುಖ ಸಣ್ಣ ಮಾಡಿಕೊಂಡು ಬರುತ್ತಿದ್ದಳಂತೆ. ಸಂಜೆ ಹೊತ್ತು, ಅಕ್ಕಪಕ್ಕದ ಮನೆಯ ಹೆಂಗಸರಿಬ್ಬರು ಕೋಳಿ ಕರೀತಿದ್ದರಂತೆ. ಒಬ್ಬಳು ಬೋಬೋಬೋ ಅಂತ, ಇನ್ನೊಬ್ಬಳು ಕ್ವಾಕ್ವಾಕ್ವಾ ಅಂತ. ಎಲ್ಲಾ ಒಂದೇ ಥರ ಇವೆ, ಹೆಂಗೆ ಗುರುತು ಹಿಡೀತೀರಿ ಅಂದಳಂತೆ ಮುದ್ದಾಜಿ. ನಾವ್ಯಾಕವ್ವ ಹಿಡೀಬೇಕು, ತಮ್ಮ ಮನೆ ಕೂಗು ಅವೇ ಹಿಡೀತವೆ ಅಂದರಂತೆ ಅವರು.

ಮುದ್ದಾಜಿ ಆ ಹೆಂಗಸರ ಕೈ ಕಣ್ಣಿಗೊತ್ತಿಕೊಂಡು ಓಡಿದಳಂತೆ. ಎರಡೂ ಬೆಟ್ಟದ ಹಾಡನ್ನು ಶಿಳ್ಳೆಯಲ್ಲಿ ಕಲಿತು ಪಡುವಣ ಬೆಟ್ಟದಲ್ಲಿ ಮೂಡಣದ ಹಾಡು ಹಾಡಿದಳಂತೆ. ಹಕ್ಕಿ ಹುಳ ತಿನ್ನೋದು ಬಿಡಲಿಲ್ಲ. ಅಲ್ಲಿಯದೇ ಹಾಡು ಹಾಡಿದಳು, ಮನೆಗೆ ಕಳ್ಳ ನುಗ್ಗಿದ ಹಾಗೆ ಗರಿ ಕೆದರಿಕೊಂಡು ಬಂತಂತೆ!

ಏನಂದೆ? ಅದೊಂದು ಹಕ್ಕಿ ಮಾತ್ರ ಹಾಗಿದ್ದರೆ? ಅದನ್ನೇ ರಾಜನೂ ಕೇಳಿದನಂತೆ, ನೀನೂ ರಾಜನೇ ಬಿಡು. ಅದಕ್ಕೇ ಅವಳು ಮರಮರಕ್ಕೂ ಹೋಗಿ, ಎರಡೂ ಬೆಟ್ಟದಲ್ಲಿ ಹಾಡಿ ನೋಡಿದಳಂತೆ. ಕೊನೆಗೆ ಅಪ್ಪನನ್ನೂ ಮೂಡಣ ಬೆಟ್ಟಕ್ಕೆ ಕರಕೊಂಡು ಹೋಗಿ ಅವನ ಕೈಲೇ ಶಿಳ್ಳೆ ಹಾಕಿಸಿದಳಂತೆ. ಪಡುವಣದ ಹಾಡಿಗೆ ಒಂದು ರೆಕ್ಕೆಯೂ ಅಲುಗಲಿಲ್ಲ. ಮೂಡಣದ ಹಾಡಿಗೆ ಹಕ್ಕಿ ಹಾರಿ ಬಂದು ರಾಜನ ಕಿರೀಟ ಕುಕ್ಕಿತಂತೆ. ಹಾಡು ಕೇಳಿಯೇ ಜೋಡಿ ಹುಡುಕೋದು ಅಪ್ಪಾಜಿ, ಹಾಡೇ ಗುರುತಿಲ್ಲದ ಮೇಲೆ ಸಂಸಾರ ಹೆಂಗೆ ಮಾಡ್ತಾವೆ, ಕುಲ ಹೆಂಗೆ ಒಂದಾಗುತ್ತೆ ಅಂದಳಂತೆ ಮುದ್ದಾಜಿ. ರಾಜ ಕಿರೀಟ ಸರಿಮಾಡಿಕೊಂಡು ಕೊಡಲಿಯವರನ್ನು ಮನೆಗೆ ಕಳಿಸಿದನಂತೆ.

ಆಮೇಲೆ ಆ ಕಾಡಿನಲ್ಲೇ ಹಕ್ಕಿಗೆ ನಾಮಕರಣ. ಅಕ್ಕಂದಿರು ಕೊಬ್ಬರಿ ಸಕ್ಕರೆ ಹಂಚಿದರಂತೆ, ಕೋಳಿ ಹೆಂಗಸರಿಗೆ ಮೊದಲು. ಏನು ಹೆಸರು ಅಂತ ರಾಜ ಕೇಳಿದನಂತೆ. ಅವ್ವ ಇಲ್ಲದ ನನ್ನನ್ನು ಮಲಗಿಸಿದವಳಿಗೆ ಇನ್ಯಾವ ಹೆಸರು ಅಪ್ಪಾಜಿ ಅಂದು, ಮುದ್ದಾಜಿ ಮರದ ಕೆಳಗೆ ನಿಂತು ಮೂರು ಸಲ ಕರೆದಳಂತೆ. ಸಿರಿಯಾಜಿ, ಸಿರಿಯಾಜಿ, ಸಿರಿಯಾಜಿ. ಮೇಲಿಂದ ಹಾಡು ಬಂತಂತೆ.

ಹಕ್ಕಿ ಗೂಡು ಸೇರಿತು, ಕತೆಯೂ ಗೂಡು ಸೇರಿತು. ಇನ್ನು ನೀನು ಕಣ್ಣು ಮುಚ್ಚು, ನನ್ನ ಸಿರಿ.