ಮಾತು ಬಿಟ್ಟ ಅಣ್ಣಂದಿರು, ನೆಲ ಮುಟ್ಟದ ಬುಟ್ಟಿ

ನಮ್ಮಜ್ಜಿಯ ಅಜ್ಜಿ ಇನ್ನೂ ಲಂಗ ಹಾಕ್ಕೊಂಡು ಓಡಾಡ್ತಿದ್ದ ಕಾಲದಲ್ಲಿ, ಒಂದು ಬಂಡೆಗುಡ್ಡದ ಬುಡದಲ್ಲಿ ಓಬಯ್ಯ, ಕಾಟಯ್ಯ, ಮಲ್ಲಯ್ಯ ಅಂತ ಮೂರು ಜನ ಅಣ್ಣತಮ್ಮಂದಿರು ಇದ್ರಂತೆ. ಅವರಿಗೊಬ್ಬಳೇ ತಂಗಿ, ದೇವೀರಿ. ಅವಳನ್ನ ಗುಡ್ಡದಾಚೆ ಊರಿಗೆ ಕೊಟ್ಟಿದ್ರಂತೆ.

ಈ ಮೂವರೂ ವರ್ಷದಿಂದ ಮಾತು ಬಿಟ್ಟಿದ್ರು. ಯಾಕೆ ಅಂತೀಯಾ? ಓಬಯ್ಯನ ಎಮ್ಮೆ ಕಾಟಯ್ಯನ ಬಣವೆಗೆ ಬಾಯಿ ಹಾಕ್ತು, ಅವರಿಬ್ಬರೂ ಜಗಳ ಆಡಿದ್ರು, ಅದನ್ನ ನೋಡಿ ಮಲ್ಲಯ್ಯ ನಕ್ಕ. ಅಷ್ಟೇ! ಥೂ, ಗಂಡಸರ ಬುದ್ಧಿ. ಅವರವ್ವ ಬೈದೂ ಬೈದೂ ಸುಸ್ತಾದಳಂತೆ.

ಆಮೇಲೆ ದೇವೀರಿಗೆ ಏಳು ತಿಂಗಳಾಯ್ತು, ಚೊಚ್ಚಲ ಬಸುರಿ. ತವರಿಂದ ಬಯಕೆ ಬುತ್ತಿ ಹೋಗಬೇಕಲ್ಲ. ಅವಳ ಗಂಡನ ಊರಲ್ಲಿ ಎಲ್ಲರೂ ಆಡಿಕೊಳ್ತಿದ್ರಂತೆ, ಇವಳಣ್ಣಂದಿರು ಒಬ್ಬರ ಮುಖ ಒಬ್ಬರು ನೋಡಲ್ಲ, ಇನ್ನು ಬುತ್ತಿ ತರ್ತಾರಾ ಅಂತ. ಅವಳು ಅತ್ತೂ ಅತ್ತೂ ಬರೀ ಗಂಜಿ ಕುಡಿದು ಕಡ್ಡಿಯಾಗಿದ್ದಳು ಪಾಪ. ಕೊನೆಗೆ ಹೇಳಿ ಕಳಿಸಿದಳಂತೆ, ಮೂವರೂ ಒಟ್ಟಿಗೆ ಬಂದ್ರೆ ಉಣ್ತೀನಿ, ಇಲ್ಲದಿದ್ರೆ ಬುತ್ತಿ ಮುಟ್ಟಲ್ಲ ಅಂತ.

ಅವ್ವ ಹೋಳಿಗೆ, ಕಜ್ಜಾಯ, ಮಾವಿನಕಾಯಿ ಚಿತ್ರಾನ್ನ ಎಲ್ಲಾ ಮಾಡಿ ಒಂದೇ ಬುಟ್ಟಿಗೆ ತುಂಬಿ, ಬಟ್ಟೆ ಕಟ್ಟಿ, ಬಸುರಿ ಬುತ್ತಿ ಇದು, ಅವಳ ಮುಂದೆ ಇಳಿಸೋ ತನಕ ನೆಲ ಮುಟ್ಟಬಾರದು, ಮುಟ್ಟಿಸಿದ್ರೋ ನನ್ನ ಹೊಸಿಲು ತುಳೀಬೇಡಿ ಅಂದಳಂತೆ. ಮುಟ್ಟಿದ್ರೆ ಏನಾಗ್ತಿತ್ತು? ನಂಗೇನು ಗೊತ್ತು ಪುಟ್ಟಿ, ಅವ್ವ ಹೇಳಿದ ಮೇಲೆ ಮುಗೀತು.

ಗಾಡಿದಾರಿ ಗುಡ್ಡ ಸುತ್ತಿ ಎರಡು ದಿನ. ಒಣಹಳ್ಳದೊಳಗೆ ನಡೆದ್ರೆ ಒಂದೇ ಹಗಲು. ಬೇಸಿಗೆ ನೋಡು, ಹಳ್ಳದಲ್ಲಿ ತೊಟ್ಟು ನೀರಿಲ್ಲ, ಬರೀ ಮರಳು, ಬರೀ ಬಂಡೆ. ಮೂವರೂ ಅದರೊಳಗೇ ಇಳಿದು ತುಟಿ ಹೊಲ್ಕೊಂಡು ನಡೆದ್ರಂತೆ.

ಸ್ವಲ್ಪ ದೂರ ಹೋಗೋದ್ರೊಳಗೆ ಆನೆಯಷ್ಟು ದೊಡ್ಡ ಬಂಡೆ ಅಡ್ಡ ಬಂತು. ಕೈಕಾಲು ಎರಡೂ ಊರದೆ ಹತ್ತೋ ಹಾಗಿಲ್ಲ. ಓಬಯ್ಯ ಹತ್ತಿ ಮೇಲೆ ಕೂತ. ಕೆಳಗೆ ಕಾಟಯ್ಯನ ತಲೆ ಮೇಲೆ ಬುಟ್ಟಿ. ಮಾತಾಡದೆ ಕೊಡೋದು ಹೇಗೆ? ಆಗ ಕಾಟಯ್ಯ ಬಂಡೆಗೆ ಹೇಳಿದನಂತೆ, ಬಂಡೆಯಪ್ಪಾ, ನಿನ್ನ ಮೇಲೆ ಕೂತವರಿಗೆ ಸ್ವಲ್ಪ ಕೈ ಚಾಚೋಕೆ ಹೇಳಪ್ಪಾ ಅಂತ. ಓಬಯ್ಯನೂ, ಬಂಡೆಯಪ್ಪಾ, ಕೆಳಗಿರೋರಿಗೆ ಇನ್ನೊಂದು ಗೇಣು ಎತ್ತೋಕೆ ಹೇಳಪ್ಪಾ ಅಂದನಂತೆ. ನಗಬೇಡ, ನೀನೂ ನಿಮ್ಮಕ್ಕನೂ ಹೀಗೇ ಅಲ್ವಾ?

ಆಮೇಲೆ ಎರಡು ಬಂಡೆ ನಡುವೆ ಒಂದು ಸಂದಿ. ಅಡ್ಡಡ್ಡ ತೂರಬೇಕು, ಬುಟ್ಟಿಯನ್ನ ತಲೆ ಮೇಲಿಂದ ದಾಟಿಸಬೇಕು. ಅಲ್ಲೊಂದು ಕಾಗೆ ಕೂತಿತ್ತು. ಮಲ್ಲಯ್ಯ, ಕಾಗಕ್ಕಾ, ಮುಂದಿರೋರಿಗೆ ಹೇಳು ಅಂತ ಬಾಯಿ ತೆಗೆಯೋದ್ರೊಳಗೆ ಅದು ಪುರ್ರಂತ ಹಾರಿಹೋಯ್ತಂತೆ! ಬುಟ್ಟಿ ಎತ್ತಿಕೊಂಡು ನಿಂತ, ನಿಂತ, ನಿಂತೇ ಇದ್ದ. ಪುಣ್ಯಕ್ಕೆ ಒಂದು ಓತಿಕ್ಯಾತ ಬಂತು. ಅದಕ್ಕೇ ಹೇಳಿದ. ಅದು ತಲೆ ಆಡಿಸ್ತು. ಕೆಲಸ ಆಯ್ತು.

ಮೂರನೇದು ಹಳ್ಳ ಧುಮುಕೋ ಜಾಗ. ಮಳೆಗಾಲದಲ್ಲಿ ನೀರು ಹರಿದೂ ಹರಿದೂ ಬಂಡೆ ನುಣ್ಣಗಾಗಿತ್ತು. ಕೆಳಗೆ ಕಾಟಯ್ಯ, ಮೇಲೆ ಓಬಯ್ಯ, ನಡುವೆ ಅಂಗೈಯಗಲ ಜಾಗದಲ್ಲಿ ಮಲ್ಲಯ್ಯ. ಓಬಯ್ಯ ಬುಟ್ಟಿ ಕೊಟ್ಟ, ಮಲ್ಲಯ್ಯ ಹಿಡಿದ, ಅಷ್ಟರಲ್ಲಿ ಅವನ ಕಾಲು ಜಾರಿಬಿಡ್ತು! ಬುಟ್ಟಿ ವಾಲ್ತು. ಬಂಡೆಗೆ ಹೇಳೋಕೂ ಹೊತ್ತಿಲ್ಲ, ಓತಿಕ್ಯಾತನನ್ನ ಹುಡುಕೋಕೂ ಹೊತ್ತಿಲ್ಲ.

ಲೇ ಮಲ್ಲಾ, ಎಡಗಾಲು ಊರೋ! ಅಂತ ಓಬಯ್ಯ ಕಿರುಚಿದ. ನನ್ನ ಹೆಗಲ ಮೇಲೆ ಕಾಲಿಡೋ, ಬಿದ್ದು ಸತ್ತೀಯ! ಅಂತ ಕಾಟಯ್ಯ ಓಡಿಬಂದು ಹೆಗಲು ಕೊಟ್ಟ. ಅಣ್ಣಾ, ನಾನು ಹೋದ್ರೂ ಹೋಗ್ಲಿ, ಬುಟ್ಟಿ ಹಿಡ್ಕೋ! ಅಂತ ಮಲ್ಲಯ್ಯ ಕೂಗಿದ. ಓಬಯ್ಯ ಬೋರಲು ಬಿದ್ದು ಒಂದು ಕೈಲಿ ಬುಟ್ಟಿ, ಇನ್ನೊಂದು ಕೈಲಿ ತಮ್ಮನ ಜುಟ್ಟು ಹಿಡಿದನಂತೆ.

ಹೇಗೋ ಮೂವರೂ ಕೆಳಗೆ ಬಂದು ಏದುಸಿರು ಬಿಡ್ತಾ ನಿಂತ್ರು. ಬುಟ್ಟಿ ಕಾಟಯ್ಯನ ತಲೆ ಮೇಲೇ ಇತ್ತು. ಆಮೇಲೆ ಕಾಟಯ್ಯ, ಮೊದಲು ಮಾತಾಡಿದ್ದು ನೀನೇ ಅಂದ. ಓಬಯ್ಯ, ನಾನಲ್ಲ, ನೀನು ಅಂದ. ಮಲ್ಲಯ್ಯ, ಜುಟ್ಟು ಕಿತ್ತುಬಂತಲ್ಲೋ ಅಂದ. ತಗೋ, ಶುರುವಾಯ್ತು! ಎಮ್ಮೆ, ಬಣವೆ, ನಗು, ವರ್ಷದ ಮಾತೆಲ್ಲಾ ಹೊರಗೆ ಬಂತು. ಬೈಕೊಂಡು, ನಕ್ಕೊಂಡು, ಕಣ್ಣೊರೆಸಿಕೊಂಡು ನಡೆದ್ರಂತೆ.

ಅಲ್ಲಿ ದೇವೀರಿ ಜಗಲಿ ಮೇಲೆ ಕೂತಿದ್ದಳು. ಹಳ್ಳದ ಕಡೆಯಿಂದ ಗಲಾಟೆ ಕೇಳಿ ಅವಳತ್ತೆ, ಅಯ್ಯೋ, ಯಾರೋ ಹೊಡೆದಾಡ್ತಿದಾರೆ, ಒಳಗೆ ಬಾರೇ ಅಂತ ಕರೆದಳಂತೆ. ದೇವೀರಿ ಕಿವಿಗೊಟ್ಟು ಕೇಳಿದಳು. ಒಂದು ಗಂಟಲು, ಎರಡು, ಮೂರು. ಅವಳಿಗೆ ಅಳು, ನಗು ಎರಡೂ ಒಟ್ಟಿಗೇ ಬಂತಂತೆ.

ಎಲೆ ಹಾಕಿ ಅತ್ತೇ, ನಂಗೆ ತುಂಬಾ ಹಸಿವಾಗ್ತಿದೆ ಅಂದಳಂತೆ.

ಅವಳ ಹೊಟ್ಟೆ ತುಂಬ್ತು, ನನ್ನ ಕತೆ ಮುಗೀತು, ನೀನಿನ್ನು ಕಣ್ಣು ಮುಚ್ಚು.